ಆಟಕ್ಕೆ ಕೊಟ್ಟ ಅಳು

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಆಧಾರ ಕಾರ್ಡಿನಲ್ಲಿ ಇನ್ನೂ ಹೆಚ್ಚು ಬರೆದಿದ್ದಾರೆ, ಅದನ್ನು ನಂಬಬೇಡಿ. ಬರೆದುಕೊಳ್ಳುವವನು ನನ್ನ ಮುಖ ನೋಡಿ ಬರೆದ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ನನ್ನ ಮನೆ. ಹುಟ್ಟಿದ್ದು ಮುಧೋಳದ ಕಡೆಯ ಒಂದು ಹಳ್ಳಿಯಲ್ಲಿ. ಸಾಲೆ ಕಲಿತದ್ದು ಮೂರನೆಯ ಇಯತ್ತೆಯವರೆಗೆ, ಆಮೇಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಗಂಡ ಇದ್ದಾಗ ಮನೆಯಲ್ಲಿ ಎರಡು ಮಗ್ಗ ಇದ್ದವು. ಗಂಡ ಹೋದ, ಮಗ್ಗವೂ ಹೋದವು. ಮನೆಯಲ್ಲಿ ಸದ್ದಿಲ್ಲ ಎಂದೇ ನನ್ನ ತಂಗಿಯ ಮೊಮ್ಮಗಳು ಬಂದು ನಮ್ಮ ಮೇಲಿನ ಖೋಲಿಯಲ್ಲಿ ಕೂತಳು. ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿತವಳು. ಅವಳ ಅಪ್ಪನ ಮನೆಯಲ್ಲಿ ಹಗಲೆಲ್ಲ ಮಗ್ಗ ಬಡಿಯುತ್ತವೆ, ಅಲ್ಲಿ ತಲೆ ಓಡುವುದಿಲ್ಲ ಎಂದಳು.

"ಮ್ಯಾಲ ಕೂತ ಏನ್ ಮಾಡ್ತೀ?" ಎಂದು ಕೇಳಿದೆ.

"ಯುದ್ಧ ಮಾಡ್ತೇನಿ ಆಯಿ."

"ಮಾಡ್ಯವ್ವಾ. ಊಟಕ್ಕರ ಕೆಳಗ ಬರ್ತೀಯೋ, ಇಲ್ಲಾ ಅಲ್ಲೇ ಬುತ್ತಿ ಕಳಸ್ಲೋ?"

ಅದು ಮೊಬೈಲಿನಲ್ಲಿ ಆಡುವ ಆಟ. ಹತ್ತು ಮಂದಿ ಹತ್ತು ಮೊಬೈಲು ಹಿಡಿದು ಒಂದೇ ಕಟ್ಟೆಯ ಸುತ್ತ ಕೂತು ಆಡಬೇಕು. ಇಂಟರ್ನೆಟ್ ಬೇಡ, ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾಗೆಯೇ ಗಂಟು ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ನೆಟ್ ಎಲ್ಲಿ ನಿಲ್ಲುತ್ತದೆ, ಅದಕ್ಕೇ ಹೀಗೆ ಮಾಡಿದ್ದೇನೆ ಎಂದಳು. ಆಟದೊಳಗೆ ಒಂದು ಊರು. ಐದು ಮಂದಿ ಊರಿನವರು, ಐದು ಮಂದಿ ಕುಂಪಣಿ ಸರ್ಕಾರದ ಸಿಪಾಯಿಗಳು. ನಮ್ಮ ಅಜ್ಜನ ಅಜ್ಜಂದಿರ ಕಾಲದಲ್ಲಿ, ಮನೆಯಲ್ಲಿರುವ ಬಂದೂಕು ಕತ್ತಿ ತಂದು ಒಪ್ಪಿಸಿ ಎಂದು ಸರ್ಕಾರ ಅಂದಿತ್ತು. ನಮ್ಮ ಮುಧೋಳ ಸೀಮೆಯ ಜನ ಕೊಡುವುದಿಲ್ಲ ಎಂದು ತಿರುಗಿ ಬಿದ್ದರು. ಊರಿಗೆ ಬೆಂಕಿ ಬಿತ್ತು. ಈ ಕಡೆ ಅದು ಎಲ್ಲರಿಗೂ ಗೊತ್ತಿರುವ ಕಥೆ. ಹುಡುಗಿ ಅದನ್ನೇ ಹಿಡಿದಿದ್ದಳು. ಬೀಳಗಿಯ ಅವಳ ಗೆಳತಿ ಮನೆ, ಗೋಡೆ, ಗಿಡ ಎಲ್ಲ ಚಿತ್ರ ಬರೆದು ಕಳಿಸುತ್ತಿದ್ದಳು. ಉಳಿದದ್ದೆಲ್ಲ ಇವಳದೇ.

ಮೊದಮೊದಲು ನಾನು ನಕ್ಕೆ. ಆಮೇಲೆ ನನಗೇ ರುಚಿ ಹತ್ತಿತು. ಮೇಲೆ ಹೋಗಿ ಅವಳ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಒಂದು ದಿನ ನೋಡಿದರೆ ಊರಿನ ಮನೆಗಳಿಗೆಲ್ಲ ಇಳಿಜಾರು ಹೆಂಚು ಹಾಕಿದ್ದಾಳೆ.

"ಇದ್ಯಾವ ಊರ? ನಮ್ಮ ಕಡೆ ಮನಿ ಮ್ಯಾಲ ಮಣ್ಣ ಮಾಳಗಿ ಇರತಾವು. ಒಂದ ಮನಿ ಮಾಳಗಿಗೆ ಮತ್ತೊಂದ ಹತ್ತಿರತೈತಿ. ಈ ತುದಿ ಏರಿದ್ರ ಆ ತುದೀಗೆ ಇಳೀಬಹುದು, ನೆಲಕ್ಕ ಕಾಲ ಹಚ್ಚೂದ ಬ್ಯಾಡ."

ಅವಳು ಕುರ್ಚಿಯಿಂದ ಎದ್ದು ನಿಂತಳು. "ಆಯಿ, ಹಂಗಾರ ಊರಿನವ್ರು ಮ್ಯಾಲಿಂದ ಓಡ್ತಾರ, ಸಿಪಾಯಿಗೋಳು ಕೆಳಗಿಂದ ಹುಡುಕ್ತಾರ! ಆಟಾನ ಬ್ಯಾರೆ ಆಗತೈತಿ!"

ಹಾಗೆ ಒಂದೊಂದಾಗಿ ಕೇಳತೊಡಗಿದಳು, ನಾನು ಹೇಳತೊಡಗಿದೆ. ಜೋಳ ತುಂಬುವ ನೆಲದ ಹಗೇವು ಎಲ್ಲಿರುತ್ತದೆ, ಬಾಯಿ ತೆಗೆದ ಕೂಡಲೇ ಇಳಿದರೆ ಉಸಿರು ಕಟ್ಟಿ ಸಾಯುತ್ತಾರೆ ಎಂದೆ. ಅದನ್ನೂ ಹಾಕಿದಳು. ಅವಸರದಲ್ಲಿ ಅಡಗಲು ಹಗೇವಿಗೆ ಹಾರಿದವನು ಅಲ್ಲೇ ಸಾಯುತ್ತಾನೆ. ಜಮಖಂಡಿಯ ಅವಳ ಕಾಲೇಜಿನ ಗೆಳೆಯರು ಮೊದಲ ಸಲ ಆಡಿದಾಗ ಹತ್ತರಲ್ಲಿ ನಾಲ್ಕು ಮಂದಿ ಹಗೇವಿನಲ್ಲೇ ಸತ್ತರಂತೆ. ಅದನ್ನು ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಸಾಯುವುದನ್ನು ನೆನೆದು ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಆದರೆ ಅವಳಿಗೆ ಒಂದು ಚಿಂತೆ ಇತ್ತು. ಆಟದಲ್ಲಿ ಸತ್ತವನು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾನೆ. ಹಾಗಾಗಿ ಯಾರಿಗೂ ಸಾವಿನ ಖಬರು ಇಲ್ಲ. ಸತ್ತರೆ ಸತ್ತೆ ಎಂದು ಮೈಮೇಲೆ ಎಚ್ಚರವಿಲ್ಲದೆ ನುಗ್ಗುತ್ತಾರೆ. "ಇದು ಖರೆ ಖರೆ ಮಂದಿ ಸತ್ತಿದ್ದ ಯುದ್ಧ, ಆಯಿ. ಇವ್ರು ಚಿಣ್ಣಿದಾಂಡು ಆಡಿದಂಗ ಆಡ್ತಾರ" ಎಂದು ಬೇಜಾರು ಮಾಡಿಕೊಂಡಳು.

"ಸತ್ತಾವ್ನ ಮುಂದ ಅಳಾವ್ರ ಇಲ್ಲಲ್ಲ, ಅದಕ" ಎಂದೆ ನಾನು.

ಸುಮ್ಮನೆ ಅಂದ ಮಾತು ಅದು. ಅಲ್ಲಿಂದಲೇ ಎಲ್ಲ ಶುರುವಾಯಿತು.

ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡಿ ಅಳುತ್ತಾರೆ. ಕಣ್ಣೀರು ಹಾಕಿದರೆ ಸಾಲದು, ಸತ್ತವನು ಏನು ಉಣ್ಣುತ್ತಿದ್ದ, ಹೇಗೆ ನಡೆಯುತ್ತಿದ್ದ, ಯಾರನ್ನು ಬೈದ, ಯಾರಿಗೆ ಏನು ತಂದುಕೊಟ್ಟ, ಅದನ್ನೆಲ್ಲ ಅವನಿಗೇ ಹೇಳುತ್ತ ದನಿ ಎಳೆದು ಅಳಬೇಕು. ಹಾಗೆ ಅಳದೆ ಹೆಣ ಎತ್ತಿದರೆ ಅನಾಥನನ್ನು ಒಯ್ದ ಹಾಗೆ. ಎಲ್ಲರಿಗೂ ಅದು ಬರುವುದಿಲ್ಲ. ನನಗೆ ಬರುತ್ತದೆ. ಓಣಿಯಲ್ಲಿ ಯಾರು ಹೋದರೂ ನನ್ನನ್ನು ಕರೆಯುತ್ತಾರೆ, ಇಲ್ಲವೇ ನಾನೇ ಹೋಗುತ್ತೇನೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಕೆಲವರಿಗೆ ಹೋಳಿಗೆ ಛಲೋ ಬರುತ್ತದೆ, ನನಗೆ ಇದು.

ಹುಡುಗಿ ಕೇಳಿದಳು, "ಹೆಣದ ಮುಂದ ಅಳಾಕತ್ತಾಗ ಯಾರರೆ ಗುಂಡ ಹೊಡೀತಾರೇನ ಆಯಿ?"

"ಹೊಡದ್ರ ಅವ್ನ ಬಾಯಾಗ ಮಣ್ಣ ಬೀಳತೈತಿ."

ಅದನ್ನೇ ಅವಳು ಆಟದ ಕಟ್ಟಳೆ ಮಾಡಿದಳು. ಯಾರೇ ಸಾಯಲಿ, ಅಳುವ ದನಿ ಹತ್ತೂ ಮೊಬೈಲಿನಲ್ಲಿ ಕೇಳಬೇಕು. ಆ ಅಳು ಮುಗಿಯುವ ತನಕ ಯಾರ ಬಂದೂಕೂ ಹಾರುವುದಿಲ್ಲ. ಎಲ್ಲರೂ ಕೇಳಿಸಿಕೊಳ್ಳಲೇಬೇಕು. ಛಲೋ ಕಟ್ಟಳೆ ಎಂದೇ ನನಗೂ ಅನ್ನಿಸಿತು. ಇನ್ನು ಆ ಅಳು ನನ್ನ ಬಾಯಿಂದ ಬರಬೇಕಾಗಿತ್ತು.

ಹೆಣವಿಲ್ಲದ ಮನೆಯಲ್ಲಿ ಹಾಡಿ ಅಳಬಾರದು, ಅದು ಕೆಟ್ಟದ್ದು. ಅಷ್ಟು ನನಗೆ ಗೊತ್ತಿತ್ತು. ಆದರೂ ಒಪ್ಪಿದೆ. ಮೇಲಿನ ಖೋಲಿಯಲ್ಲಿ ಕೂತು ಸುಮ್ಮನೆ "ಅಯ್ಯೋ ನನ್ನ ಮಗನೇ, ಶೂರನೇ, ಧೀರನೇ" ಎಂದು ಅತ್ತೆ. ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿದು ಮತ್ತೆ ಕೇಳಿಸಿದಳು. ಕೇಳಿದರೆ ನಾಟಕದ ಕಂಪನಿಯವರು ಅತ್ತ ಹಾಗಿದೆ. ನನಗೇ ನಾಚಿಕೆ ಬಂತು.

"ಯಾರನರೆ ನೆನಸ್ಕೊಂಡ ಅಳ ಬೇ ಆಯಿ" ಎಂದಳು. "ಮುತ್ಯಾನ್ನ ನೆನಸ್ಕೊ."

ಮುತ್ಯಾ ಎಂದರೆ ನನ್ನ ಗಂಡ. ಅವನು ಕುಡಿದು ಸತ್ತ. ಊರಿನ ಮುಂದೆ ಚಂದ ಕಾಣಲಿ ಎಂದು ಅವತ್ತು ಅತ್ತಿದ್ದೆ, ಅದು ಎರಡನೆಯ ಸಲ ಬರುವ ಅಳಲ್ಲ.

ನನಗೆ ಯಾವ ಅಳು ಬೇಕೆಂದು ಗೊತ್ತಿತ್ತು. ಕೇಳಿದ ದಿನವೇ ಗೊತ್ತಿತ್ತು. ಸುಳ್ಳು ಹೇಳಿ ಏನಾಗಬೇಕು.

ನಮ್ಮ ಎದುರುಮನೆಯವಳಿಗೆ ಒಬ್ಬನೇ ಮಗ. ಬೇರೆಯವರ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಎಡಗೈಯವನು. ಸಣ್ಣವನಿದ್ದಾಗ ಎಡಗೈಲೆ ಉಂಡರೆ ತಾಯಿ ಕೈಮೇಲೆ ಸವಟಿನಿಂದ ಬಡಿಯುತ್ತಿದ್ದಳು. ಆದರೂ ಬಿಡಲಿಲ್ಲ. ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ನಿಂತಿತ್ತು, ಹಿಂದೆ ದೀಪ ಇರಲಿಲ್ಲ. ಬೈಕು ತಗೊಂಡು ಹೋಗಿ ಅದರ ಹಿಂದಿನ ಟ್ರೇಲರಿಗೆ ಹಾಯ್ದ. ಹೆಣ ಮನೆಗೆ ಬಂದಾಗ ತಾಯಿಗೆ ಮಾತೇ ಹೊರಡಲಿಲ್ಲ. ಗೋಡೆಗೆ ಒರಗಿ ಕೂತು ಬಾಯಿ ತೆರೆದುಕೊಂಡಳು, ದನಿ ಇಲ್ಲ. ಹೆಂಗಸರು ಅವಳನ್ನು ಅಲುಗಾಡಿಸಿದರು, ಕೆನ್ನೆಗೆ ಬಡಿದರು. ಇಲ್ಲ. ಮಗನ ಮುಂದೆ ತಾಯಿ ಅಳದೆ ಎತ್ತುವುದು ಹೇಗೆ? ಆಗ ನಾನು ಮುಂದೆ ಹೋಗಿ, ಅವನ ಎಡಗೈ ಹಿಡಿದುಕೊಂಡು, ಅವನ ತಾಯಿ ಆಗಿ ಅತ್ತೆ.

"ಎಡಗೈಲೆ ಉಣಬ್ಯಾಡಂತ ಬಡದನಲ್ಲೋ ನನ ಮಗನಾ, ಎಡಗೈಲೇ ಉಣ್ಣೇಳೋ, ಬಡಿಯೂದಿಲ್ಲೇಳೋ."

ಇನ್ನೂ ಬಹಳ ಇತ್ತು. ಅದೊಂದು ಸಾಲು ಸಾಕು.

ತಿಂಗಳು ಕಳೆದ ಮೇಲೆ ಅವಳು ನನ್ನ ಬಳಿ ಬಂದು ಕೂತು, "ಅತ್ತೀ, ಅವತ್ತ ನನ್ನ ಬಾಯಿ ಬಿದ್ದಹೋಗಿತ್ತು. ನೀ ನನ್ನ ಬಾಯಾಗಿ ಅತ್ತಿ. ಅಷ್ಟರೆ ಆತು ಅವಂಗ" ಎಂದಿದ್ದಳು. ಅದರ ಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಆದರೆ ಅವಳ ಮನೆಯಲ್ಲಿ ಏನು ಮಾಡಿದರೂ ಒಂದು ಬಟ್ಟಲು ನನಗೆ ಬರುತ್ತಿತ್ತು.

ಆ ಅಳನ್ನೇ ನಾನು ಆಟಕ್ಕೆ ಕೊಟ್ಟೆ.

ಎದುರುಮನೆಯವಳು ಊರಲ್ಲಿ ಇಲ್ಲದ ದಿನವನ್ನೇ ಆರಿಸಿದೆ. ಬೀಳಗಿಯಲ್ಲಿ ಅವಳ ತಂಗಿ ಇದ್ದಾಳೆ, ಅಲ್ಲಿಗೆ ಹೋಗಿದ್ದಳು. ಮಗ್ಗದ ಸದ್ದು ಇರಬಾರದೆಂದು ಲೈಟು ಹೋಗುವುದನ್ನೇ ಕಾದೆವು. ನಮ್ಮ ಊರಿನಲ್ಲಿ ಲೈಟು ಹೋದರೆ ಮಾತ್ರ ಊರು ಬಾಯಿ ಮುಚ್ಚುತ್ತದೆ. ದನಿ ಹೊರಗೆ ಹೋಗಬಾರದೆಂದು ಕಿಟಕಿಗೆ ಕೌದಿ ಕಟ್ಟಿದೆವು. ನಾನು ಹುಡುಗಿಯ ಎಡಗೈ ಹಿಡಿದುಕೊಂಡು ಅತ್ತೆ. ಹೆಸರು ಬಿಟ್ಟೆ, ಟ್ರಾಕ್ಟರು ಬಿಟ್ಟೆ, ಮಗ್ಗ ಬಿಟ್ಟೆ. ಇಷ್ಟು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಎಡಗೈ ಬಿಡಲಿಲ್ಲ. ಬಿಟ್ಟರೆ ಅಳು ನಿಲ್ಲುತ್ತಿರಲಿಲ್ಲ, ಕಂಬ ಕಿತ್ತ ಚಪ್ಪರದ ಹಾಗೆ ಬೀಳುತ್ತಿತ್ತು.

ಮುಗಿಯುವಷ್ಟರಲ್ಲಿ ಕೆಳಗೆ ಬಾಗಿಲು ಬಡಿದ ಸದ್ದು. ಮೂಲೆಮನೆಯ ಮುದುಕಿ ಸೆರಗು ತಲೆಗೆ ಎಳೆದುಕೊಂಡು ಓಡಿ ಬಂದಿದ್ದಳು. "ಯಾರ ಹೋದ್ರ ಬೇ? ಯಾರಿಗೇನಾತ?"

"ಯಾರೂ ಹೋಗಿಲ್ಲ. ಮೊಬೈಲಿನಾಗ ಸಿನಿಮಾ ನೋಡಾಕತ್ತಿದ್ವಿ" ಎಂದೆ.

"ಎಂಥಾ ಸಿನಿಮಾನ ಅದು! ನನ್ನ ಎದಿ ಒಡದಹೋತು" ಎಂದು ಬೈದುಕೊಳ್ಳುತ್ತ ಹೋದಳು. ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಮೇಲೆ ಹೋಗಿ "ಅದನ್ನ ಅಳಸಿ ಹಾಕ" ಎಂದಿದ್ದರೆ ಹುಡುಗಿ ಅಳಿಸುತ್ತಿದ್ದಳು. ಮೇಲೆ ಹೋದರೆ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಆಯಿ, ಇಂಥಾ ದನಿ ಎಲ್ಲೂ ಸಿಗೂದಿಲ್ಲ" ಎಂದಳು. ಇಡೀ ಜನ್ಮದಲ್ಲಿ ನನ್ನ ಕೆಲಸಕ್ಕೆ ಯಾರೂ ಕಣ್ಣೀರು ಹಾಕಿ ಹೊಗಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತೆ.

ಅದರ ಮೇಲೆ ಹುಡುಗಿ ಆಟದೊಳಗಿನ ಊರಿನ ನಾಯಕನನ್ನು ಎಡಗೈಯವನನ್ನಾಗಿ ಮಾಡಿದಳು. ಬಂದೂಕನ್ನು ಎಡ ಹೆಗಲಿಗೆ ಇಡುತ್ತಾನೆ. ಅಳಿಗೆ ಹೊಂದಿಕೆಯಾಗಲಿ ಎಂದು. ಅದನ್ನು ನೋಡಿ ನಾನು ಎದ್ದು ನಿಂತೆ. ಒಲೆಯ ಮೇಲೆ ಬದನೆಕಾಯಿ ಪಲ್ಯ ಇದೆ ಎಂದು ಕೆಳಗೆ ಇಳಿದೆ.

ಆಟ ಜಮಖಂಡಿಗೆ ಹೋಯಿತು, ಮುಧೋಳಕ್ಕೆ ಹೋಯಿತು. ನಮ್ಮ ಓಣಿಗೆ ಮಾತ್ರ ಕೊಡಬೇಡ ಎಂದು ಹುಡುಗಿಗೆ ಹೇಳಿದ್ದೆ. "ಯಾಕ?" ಎಂದಳು. "ಇಲ್ಲಿ ಹುಡುಗ್ರು ಮಗ್ಗ ಬಿಟ್ಟ ಕೂತಗೋತಾರ" ಎಂದೆ. ಆದರೆ ಅದು ಮೊಬೈಲಿನಿಂದ ಮೊಬೈಲಿಗೆ ಹಾರುವ ಆಟ. ಹುರಿಗಡಲೆ ಹಂಚಿದಷ್ಟು ಸುಲಭ. ಯಾರ ಗೆಳೆಯನೋ ಯಾರಿಗೋ ಕೊಟ್ಟ, ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಓಣಿಯ ಹುಡುಗರ ಕೈಯಲ್ಲೂ ಬಂತು. ಲೈಟು ಹೋಗಿ ಮಗ್ಗ ನಿಂತ ಕೂಡಲೇ ಕಾರಖಾನೆಯಿಂದ ಹೊರಗೆ ಬಂದು ಹಿಟ್ಟಿನ ಗಿರಣಿಯ ಕಟ್ಟೆಗೆ ಕೂರುತ್ತಿದ್ದರು. ಕಿವಿಗೆ ತಂತಿ ಹಾಕಿಕೊಂಡು ಆಡುತ್ತಿದ್ದರಿಂದ ದನಿ ಹೊರಗೆ ಕೇಳುತ್ತಿರಲಿಲ್ಲ.

ಹುಡುಗರು ನನ್ನನ್ನು ತಡೆದು, "ಆಯಿ, ಇದು ನಿನ್ನ ದನಿ ಹೌದೋ ಅಲ್ಲೋ?" ಎಂದು ಕೇಳಿದರು.

ಅಲ್ಲ ಎನ್ನಬೇಕಾಗಿತ್ತು. "ಹೌದಲೇ, ನಂದ. ನಿಮ್ಮಂಥಾ ಕತ್ತೆಗೋಳು ಸತ್ತಾಗ ಅಳಾಕ ಮತ್ಯಾರ ಅದಾರ?" ಎಂದೆ. ಹೋ ಎಂದು ಕೂಗಿದರು. ನನಗೆ ಸಂತೋಷವೇ ಆಯಿತು. ಅವರಲ್ಲಿ ಇಬ್ಬರು ಎದುರುಮನೆಯವಳ ಮಗನ ಹೆಣಕ್ಕೆ ಹೆಗಲು ಕೊಟ್ಟವರು. ಅವರಿಗೆ ಆ ಅಳು ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಲೈಟು ಹೋಗಿತ್ತು. ನಾನು ಬಾಗಿಲಲ್ಲಿ ಕೂತು ಕಡಲೆಬೇಳೆ ಹಸನು ಮಾಡುತ್ತಿದ್ದೆ. ಎದುರುಮನೆಯವಳು ಜೋಳದ ಡಬ್ಬಿ ತಗೊಂಡು ಗಿರಣಿಗೆ ಹೋಗಿದ್ದಳು. ಗಿರಣಿ ನಿಂತಿದ್ದರಿಂದ ಕಟ್ಟೆಯ ಪಕ್ಕದಲ್ಲಿ ಕಾದು ನಿಂತಿದ್ದಾಳೆ. ಅಂದು ಹುಡುಗರು ಕಿವಿಗೆ ತಂತಿ ಹಾಕಿರಲಿಲ್ಲ. ಅಷ್ಟು ದೂರದಿಂದ ನನಗೇ ಕೇಳಿತು.

"ಲೇ, ನೀ ಸಾಯಲೇ!"

"ಯಾವಾಗ್ಲೂ ನಾನ ಯಾಕ್ ಸಾಯಬೇಕ? ನಿನ್ನೆನೂ ನಾನ ಸತ್ತೇನಿ!"

"ನೀ ಸತ್ರ ಆಯಿ ಅಳ್ತಾಳ. ಅಕಿ ಅಳೂತನಕ ಗುಂಡ ಹಾರೂದಿಲ್ಲ. ಅಷ್ಟರಾಗ ನಾವು ಓಡಿ ಊರ ಅಗಸಿ ಬಾಗಲಾ ಮುಟ್ಟಿ ಗೆಲ್ಲತೇವಿ. ಸಾಯಿ ಲಗೂನ!"

ತಮ್ಮವನನ್ನೇ ತಾವು ಗುಂಡು ಹೊಡೆದು ಕೊಂದರು. ಆಟದಲ್ಲಿ ಗೆಲ್ಲುವ ಹಂಚಿಕೆ ಅದು. ಹುಡುಗಿಗೂ ಅದು ತಿಳಿದಿರಲಿಲ್ಲ, ಆಡುವವರು ಕಂಡುಹಿಡಿದಿದ್ದರು. ಹತ್ತು ಮೊಬೈಲಿನಲ್ಲಿ ಒಮ್ಮೆಲೇ ನನ್ನ ದನಿ ಎದ್ದಿತು. ಎಡಗೈಲೆ ಉಣಬ್ಯಾಡಂತ ಬಡದನಲ್ಲೋ ನನ ಮಗನಾ. ಅದರ ಮೇಲೆ ಹುಡುಗರ ನಗು. "ಓಡಲೇ, ಓಡು, ಇನ್ನೂ ಅಳಾಕತ್ತಾಳ, ಓಡು!"

ಮೊರ ಕೆಳಗಿಟ್ಟು ಎದ್ದೆ. ನಾನು ಎರಡು ಮನೆ ದಾಟುವಷ್ಟರಲ್ಲಿ ಅವಳು ಹೊಳ್ಳಿ ಬರುತ್ತಿದ್ದಳು. ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದಳು. ನನ್ನನ್ನು ದಾಟಿ ಹೋಗಿ, ತನ್ನ ಬಾಗಿಲಲ್ಲಿ ನಿಂತು, ಮತ್ತೆ ತಿರುಗಿ ನನ್ನ ಎದುರಿಗೆ ಬಂದಳು.

"ಅತ್ತೀ, ಅದು ನನ್ನ ಮಗಂದು."

"ಹೆಸರ ಹಾಕಿಲ್ಲ..." ಎಂದೆ. ಅದೊಂದೇ ಬಾಯಿಗೆ ಬಂದದ್ದು.

"ಹೆಸರ ಯಾಕ ಬೇಕ? ಎಡಗೈ ಐತಲ್ಲ. ಸವಟ ಐತಿ. ನಾ ಬಡದದ್ದ ಐತಿ." ಅವಳ ದನಿ ಏರಲಿಲ್ಲ. "ದಿನಕ್ಕ ಎಷ್ಟ ಸಲ ಸಾಯಬೇಕ ಅವ? ಆ ಹುಡುಗ್ರು ಗೆಲ್ಲಾಕಂತ ಎಷ್ಟ ಸಲ ಸಾಯಬೇಕ?"

"ತಪ್ಪಾತ ಯವ್ವಾ."

"ನಾ ಅವಂಗ ಅಳಲಿಲ್ಲ. ನನ್ನ ಕಡೆ ಇದ್ದದ್ದ ಅದೊಂದ ಅಳು, ಅದೂ ನಿನ್ನ ಬಾಯಾಗ ಇಟ್ಟಿದ್ದೆ. ಅದನ್ನ ಓಣ್ಯಾಗ ಹಂಚಿದಿ. ವಾಪಸ್ ತಂದ ಕೊಡು. ಹೆಂಗ ತರತೀ ತಾ, ನನಗ ಗೊತ್ತಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಳುವವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ನನಗೆ ಗೊತ್ತು. ಅವಳು ಅಳಲಿಲ್ಲ.

ನಾನು ಮೇಲಿನ ಖೋಲಿಗೆ ಹೋಗಿ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಆ ಅಳು ಯಾರದು ಎಂದು ಅವಳಿಗೆ ಆ ತನಕ ಗೊತ್ತಿರಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಮೊದ್ಲ ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ."

"ಅದಕ ಹೇಳಲಿಲ್ಲ. ಈಗ ತಗಿ ಅದನ್ನ."

ಅವಳು ತಲೆ ಹಿಡಿದುಕೊಂಡು ಕೂತಳು. ಹುಬ್ಬಳ್ಳಿಯಲ್ಲಿ ಆಟ ಮಾಡುವ ಕಂಪನಿಯವರು ಅವಳನ್ನು ಕರೆದಿದ್ದರು, ಬರುವ ವಾರ ಹೋಗಿ ತೋರಿಸಬೇಕಿತ್ತು. ಅವರು ಕರೆದದ್ದೇ ಆ ಅಳು ಕೇಳಿ. ಬೇರೆ ಯಾವ ಯುದ್ಧದ ಆಟದಲ್ಲೂ ಇದು ಇಲ್ಲ ಎಂದಿದ್ದರಂತೆ. ಅದನ್ನೆಲ್ಲ ಅವಳು ನನ್ನನ್ನು ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ಛಲೋ ಇತ್ತು.

"ಬ್ಯಾರೆ ಅಳು ಹಾಕೂಣು ಆಯಿ. ಇನ್ನೊಂದ ಸಲ ಅಳು."

ಕೂತು ನೋಡಿದೆ. ನನ್ನ ತಾಯಿಯನ್ನು ನೆನೆಸಿಕೊಂಡೆ, ನನ್ನ ಅಣ್ಣನನ್ನು ನೆನೆಸಿಕೊಂಡೆ. ಬಾಯಿ ತೆರೆದರೆ ದನಿ ಬರುತ್ತದೆ, ಅಳು ಬರುವುದಿಲ್ಲ. ಮಾತು ಹುಡುಕುತ್ತಿದ್ದೆ, ಯಾವುದು ಆಟಕ್ಕೆ ಹೊಂದುತ್ತದೆ ಎಂದು ಆರಿಸುತ್ತಿದ್ದೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ನನ್ನ ಸತ್ತವರನ್ನು ಒತ್ತಿ ನೋಡುತ್ತಿದ್ದೆ. ನಡುವೆಯೇ ನಿಲ್ಲಿಸಿದೆ. ಹುಡುಗಿಯೂ ಮತ್ತೆ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಅವಳು ಅಳನ್ನು ತೆಗೆದಳು. ಕಟ್ಟಳೆ ಹಾಗೆಯೇ ಇಟ್ಟಳು: ಯಾರಾದರೂ ಸತ್ತರೆ ಬಂದೂಕು ನಿಲ್ಲುತ್ತವೆ, ಆದರೆ ಈಗ ಕಾಲೂ ನಿಲ್ಲುತ್ತವೆ, ಯಾರೂ ಓಡುವ ಹಾಗಿಲ್ಲ. ದನಿ ಏನೂ ಇಲ್ಲ. ಸುಮ್ಮನೆ ನಿಲ್ಲಬೇಕು. ನಾಯಕನ ಬಂದೂಕನ್ನೂ ಬಲ ಹೆಗಲಿಗೆ ತಂದಳು. ನನ್ನ ಕೈಗೆ ಮೊಬೈಲು ಕೊಟ್ಟಳು. ನಾನೇ ಒಬ್ಬ ಸಿಪಾಯಿಗೆ ಹೊಡೆದು ನೋಡಿದೆ. ಬಿದ್ದ. ಊರೆಲ್ಲ ನಿಂತಿತು. ಎಷ್ಟೋ ಹೊತ್ತು ನಿಂತ ಹಾಗನ್ನಿಸಿತು.

"ಹುಬ್ಬಳ್ಳಿಯವ್ರು ಏನಂತಾರ?"

"ಏನರೆ ಅನ್ಲಿ" ಎಂದಳು. ಆದರೆ ಅವಳಿಗೆ ನಿದ್ದೆ ಬರುವ ಮುಖ ಅದಲ್ಲ. ಅವಳದೂ ಒಂದು ಹಾಳು ಮಾಡಿದೆ ಎಂದು ನನಗೆ ಗೊತ್ತಾಯಿತು. ಮುಂದಿನ ವಾರ ಹೋಗಿ ಬಂದಳು, ನೋಡೋಣ ಎಂದರಂತೆ. ಇವತ್ತಿಗೂ ನೋಡುತ್ತಲೇ ಇದ್ದಾರೆ.

ಆ ಸಂಜೆ ಎದುರುಮನೆಗೆ ಹೋದೆ. ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದೆ. "ತಗದೇವಿ. ಆಟದಾಗ ಇನ್ನ ಅದು ಇಲ್ಲ."

"ಛಲೋ ಆತು" ಎಂದಳು. ಆಮೇಲೆ, "ಆ ಕಟ್ಟಿ ಮ್ಯಾಲಿನ ಹುಡುಗ್ರ ಮೊಬೈಲಿನಾಗ?"

ಹಿಂದೆ ತಿರುಗಿ ಹುಡುಗಿಯ ಮುಖ ನೋಡಿದೆ. ಅವಳೂ ನನ್ನ ಜೊತೆ ಬಂದಿದ್ದಳು. ಹೊಸ ಆಟವನ್ನು ಹಾಕಿಕೊಂಡವರ ಮೊಬೈಲಿನಿಂದ ಮಾತ್ರ ಆ ಅಳು ಹೋಗುತ್ತದೆ ಎಂದಳು. ಹಳೆಯದನ್ನು ಇಟ್ಟುಕೊಂಡವರ ಮೊಬೈಲಿನಲ್ಲಿ ಹಳೆಯದೇ ಇರುತ್ತದೆ. ಇಂಟರ್ನೆಟ್ಟಿನ ಆಟವಾಗಿದ್ದರೆ ಇಲ್ಲಿಂದಲೇ ಬದಲಿಸಬಹುದಿತ್ತು, ಇದು ಹಾಗಲ್ಲ.

"ಅಂದ್ರ ಊರಾಗ ಐತಿ" ಎಂದಳು ಎದುರುಮನೆಯವಳು.

"ಐತಿ ಚಿಗವ್ವಾ" ಎಂದಳು ಹುಡುಗಿ.

"ಜಮಖಂಡ್ಯಾಗ?"

"ಐತಿ. ಮುಧೋಳದಾಗೂ ಐತಿ."

ಅವಳು ನನ್ನ ಕಡೆ ನೋಡಲಿಲ್ಲ. "ಗಿರಣಿ ಕಡೆ ನನ್ನ ಜ್ವಾಳದ ಡಬ್ಬಿ ಐತಿ" ಎಂದಳು. ಹುಡುಗಿ ಓಡಿ ಹೋಗಿ ತಂದಳು. ಡಬ್ಬಿ ಇಸಕೊಂಡು ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಮುಖ ತೊಳೆದು ಚಹಾ ಕುಡಿದು ಹುಡುಗಿಯನ್ನು ಎಬ್ಬಿಸಿದೆ. ಹುಡುಗರು ಮಗ್ಗಕ್ಕೆ ಹೋಗುವ ಮೊದಲೇ ಹಿಡಿಯಬೇಕಾಗಿತ್ತು. ಓಣಿಯ ತುದಿಯಿಂದ ಶುರು ಮಾಡಿದೆವು. ಮೊದಲ ಮನೆಯಲ್ಲಿ ಹುಡುಗ ಹಲ್ಲು ತಿಕ್ಕುತ್ತಿದ್ದ.

"ಮೊಬೈಲ್ ಕೊಡಲೇ. ಆ ಆಟ ತಗೀಬೇಕು, ಇಕಿ ಬ್ಯಾರೆದು ಹಾಕ್ಕೊಡ್ತಾಳ."

"ಯಾಕ ಆಯಿ? ನಿನ್ನ ದನಿ ಐತಿ ಅಂತ ನೀನ ಹೇಳಿದ್ದಿ."

"ಹೇಳಿದ್ದೆ. ಯಾರ ಮುಂದ ಅತ್ತ ಅಳಂತ ಹೇಳಿರಲಿಲ್ಲ." ಈಗ ಅದನ್ನೂ ಹೇಳಿದೆ. ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಬಾಯಿಯಲ್ಲಿ ನೊರೆ ಇಟ್ಟುಕೊಂಡೇ ಒಳಗೆ ಹೋಗಿ ಮೊಬೈಲು ತಂದುಕೊಟ್ಟ. ಇನ್ನೂ ಯಾರ್ಯಾರಿಗೆ ಕಳಿಸಿದ್ದೇನೆ ಎಂದು ಅವನೇ ಹೇಳತೊಡಗಿದ: ಇಲ್ಲಿಯ ಆರು ಮಂದಿ, ಹುನ್ನೂರದ ತನ್ನ ಸೋದರಮಾವನ ಮಗ, ಅವನು ಮತ್ತೆ ಯಾರಿಗೋ. ಹುಡುಗಿ ಕಟ್ಟೆಗೆ ಕೂತು ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು.

ಎರಡನೆಯ ಮನೆಯವರು ಇನ್ನೂ ಎದ್ದಿರಲಿಲ್ಲ. ನಾನು ಬಾಗಿಲು ಬಡಿದೆ.